ಸುಕ್ಕುಗಟ್ಟಿದ ಮುಖವೂ ಸೂಜಿಮೊನೆಯ ಯೌವನವೂ

ಮುಂಬಯಿಯ ಯಾವುದೇ ಉಪನಗರದ ರೈಲು ನಿಲ್ದಾಣದಿಂದ ಹೊರಬಂದು ನಾಲ್ಕು ಹೆಜ್ಜೆ ನಡೆದರೆ ಸಾಕು, ಚರ್ಮ ಮತ್ತು ಸೌಂದರ್ಯ ಚಿಕಿತ್ಸಾಲಯವೊಂದರ ಫಲಕ ಕಣ್ಣಿಗೆ ಬೀಳುತ್ತದೆ. ಒಂದು ಕಾಲದಲ್ಲಿ ಮೊಡವೆ, ಗಜಕರ್ಣ, ತುರಿಕೆಗಳಿಗೆ ಮದ್ದು ಕೊಡುತ್ತಿದ್ದ ಇಂತಹ ಚಿಕಿತ್ಸಾಲಯಗಳ ಫಲಕಗಳ ಮೇಲೆ ಇಂದು ಬೇರೆಯೇ ಪದಾವಳಿ ರಾರಾಜಿಸುತ್ತಿದೆ. ಪಿಆರ್‌ಪಿ, ಎಕ್ಸೋಸೋಮ್, ಸ್ಟೆಮ್ ಸೆಲ್ ಫೇಶಿಯಲ್, ಸಾಲ್ಮನ್ ಡಿಎನ್‌ಎ ಎಂಬ ಹೆಸರುಗಳು ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಬಾಂಧವರಿಗೂ ಈಗ ಅಪರಿಚಿತವಲ್ಲ. ಮದುವೆಯ ಋತು ಬಂತೆಂದರೆ ವಧುವಿಗೊಂದು, ವಧುವಿನ ತಾಯಿಗೊಂದು ಎಂದು ಜೋಡಿ ಚಿಕಿತ್ಸೆಯ ಜಾಹೀರಾತುಗಳು ನಮ್ಮ ದೂರವಾಣಿಯ ಪರದೆಯ ಮೇಲೇ ಬಂದು ಕೂರುತ್ತವೆ.

ಈ ಎಲ್ಲ ಚಿಕಿತ್ಸೆಗಳನ್ನು ಒಟ್ಟಾಗಿ ‘ರೀಜನರೇಟಿವ್’, ಅಂದರೆ ಪುನರುತ್ಪಾದಕ ಚಿಕಿತ್ಸೆಗಳೆಂದು ಕರೆಯಲಾಗುತ್ತಿದೆ. ಹೊರಗಿನಿಂದ ಬಣ್ಣ ಬಳಿಯುವುದಲ್ಲ, ಒಳಗಿನ ಚರ್ಮವನ್ನೇ ಮತ್ತೆ ಹೊಸದಾಗಿ ಬೆಳೆಯಿಸುವುದು ಎಂಬುದು ಇವುಗಳ ವಾಗ್ದಾನ. ಆ ವಾಗ್ದಾನದಲ್ಲಿ ನಿಜವೆಷ್ಟು, ನಿರೀಕ್ಷೆಯೆಷ್ಟು, ಅಪಾಯವೆಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಮುಖದ ಸುಕ್ಕನ್ನು ಕಂಡು ಕಳವಳಗೊಳ್ಳುವವರನ್ನು ಪರಿಹಾಸ್ಯ ಮಾಡುವ ಇಚ್ಛೆ ನಮಗಿಲ್ಲ. ಕನ್ನಡಿಯ ಮುಂದೆ ನಿಂತು ಒಮ್ಮೆಯಾದರೂ ನಿಟ್ಟುಸಿರು ಬಿಡದವರು ನಮ್ಮಲ್ಲಿ ಯಾರಿದ್ದಾರೆ?

ನಮಗೆ ಪರಿಚಯವಿರುವ ಹಿರಿಯ ಮಹಿಳೆಯೊಬ್ಬರು ಮಗನ ಮದುವೆಗೆ ಎರಡು ತಿಂಗಳಿರುವಾಗ ಇಂತಹದೇ ಚಿಕಿತ್ಸೆಯೊಂದಕ್ಕೆ ಹೋದರು. ಚುಚ್ಚಿದ್ದು ಏನೆಂದು ಅವರಿಗೆ ಗೊತ್ತಿರಲಿಲ್ಲ, ಕೊಟ್ಟ ರಸೀದಿಯಲ್ಲಿಯೂ ಅದರ ಹೆಸರಿರಲಿಲ್ಲ. ಮದುವೆಯ ದಿನ ಅವರ ಎರಡೂ ಕೆನ್ನೆಗಳ ಮೇಲೆ ಕಪ್ಪು ಛಾಯೆ ಹರಡಿತ್ತು. ಅದು ಮಾಸಲು ಒಂದು ವರ್ಷ ಹಿಡಿಯಿತು. ಹೋದ ಹಣಕ್ಕಿಂತ ಹೆಚ್ಚಾಗಿ, ‘ಯಾರಿಗೆ ಹೇಳಲಿ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎನ್ನುತ್ತಾರೆ’ ಎಂಬ ಅವರ ಸಂಕೋಚವೇ ನಮ್ಮನ್ನು ಕಾಡಿತು. ಆ ಸಂಕೋಚವೇ ಈ ವ್ಯಾಪಾರದ ಬಹುದೊಡ್ಡ ರಕ್ಷಾಕವಚವೂ ಹೌದು. ಮೋಸಹೋದವರು ಬಾಯಿ ಬಿಡುವುದಿಲ್ಲ, ಆದ್ದರಿಂದ ಮುಂದಿನವರು ಎಚ್ಚೆತ್ತುಕೊಳ್ಳುವುದಿಲ್ಲ.

ಚರ್ಮಕ್ಕೆ ವಯಸ್ಸಾಗುವುದು ಹೇಗೆ?

ನಮ್ಮ ಚರ್ಮದ ಮೇಲ್ಪದರ ತೆಳ್ಳಗಿನದು, ಕೆಲವು ವಾರಗಳಿಗೊಮ್ಮೆ ತಾನಾಗಿ ಹೊಸದಾಗುವಂಥದು. ಅದರ ಕೆಳಗಿರುವ ಒಳಚರ್ಮವೇ ಮುಖಕ್ಕೆ ಬಿಗಿಯನ್ನೂ ತುಂಬುತನವನ್ನೂ ಕೊಡುವುದು. ಅಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಕೊಲಾಜೆನ್, ಎಲಾಸ್ಟಿನ್ ಎಂಬ ನಾರುಗಳನ್ನು ನೇಯುತ್ತಿರುತ್ತವೆ. ಮಂಚದ ನವಾರು ಹಳತಾದಂತೆ ಜೋತುಬೀಳುವ ಹಾಗೆಯೇ ಈ ನಾರುಗಳೂ ವಯಸ್ಸಾದಂತೆ ಸಡಿಲಗೊಳ್ಳುತ್ತವೆ. ವಯಸ್ಕರಲ್ಲಿ ಚರ್ಮದ ಕೊಲಾಜೆನ್ ವರ್ಷಕ್ಕೆ ಸುಮಾರು ಶೇಕಡಾ 1ರಷ್ಟು ಕಡಮೆಯಾಗುತ್ತದೆ ಎಂಬುದು ವೈದ್ಯಲೋಕದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಮಹಿಳೆಯರಲ್ಲಿ ಮುಟ್ಟು ನಿಂತ ಬಳಿಕದ ಮೊದಲ ಐದು ವರ್ಷಗಳಲ್ಲಿ ಈ ಇಳಿಕೆ ತೀವ್ರವಾಗಿ ಸುಮಾರು ಶೇಕಡಾ 30ರವರೆಗೂ ಹೋಗಬಲ್ಲದು. ಐವತ್ತರ ಆಸುಪಾಸಿನ ಗೃಹಿಣಿ ‘ಎರಡೇ ವರ್ಷದಲ್ಲಿ ಮುಖ ಇಳಿದುಹೋಯಿತು’ ಎನ್ನುವಾಗ ಅದು ಬರಿಯ ಭ್ರಮೆಯಲ್ಲ.

ಆದರೆ ಕಾಲಕ್ಕಿಂತಲೂ ಕ್ರೂರವಾದುದು ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳಲ್ಲಿ ‘ಎ’ ಬಗೆಯವು ಗಾಜನ್ನು ದಾಟಿ ಒಳಚರ್ಮದವರೆಗೆ ಇಳಿಯುತ್ತವೆ, ಕೊಲಾಜೆನ್ನನ್ನು ಕತ್ತರಿಸುವ ಕಿಣ್ವಗಳನ್ನು ಪ್ರಚೋದಿಸುತ್ತವೆ. 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆ 69 ವರ್ಷದ ಟ್ರಕ್ ಚಾಲಕನೊಬ್ಬನ ಛಾಯಾಚಿತ್ರವನ್ನು ಪ್ರಕಟಿಸಿತು. 28 ವರ್ಷ ಸಾಮಾನು ಸಾಗಿಸುವ ವಾಹನ ಓಡಿಸಿದ್ದ ಆತನ ಮುಖದ ಎಡಭಾಗ, ಅಂದರೆ ಕಿಟಕಿಯ ಕಡೆಯ ಭಾಗ, ಆಳವಾದ ಸುಕ್ಕುಗಳಿಂದ ತುಂಬಿ ಬಲಭಾಗಕ್ಕಿಂತ ಎಷ್ಟೋ ವರ್ಷ ಮುಪ್ಪಾಗಿ ಕಾಣುತ್ತಿತ್ತು. ಒಂದೇ ದೇಹ, ಒಂದೇ ವಯಸ್ಸು, ಒಂದೇ ರಕ್ತ. ಭೇದವಿದ್ದುದು ಬಿಸಿಲಿನಲ್ಲಿ ಮಾತ್ರ.

ನಮ್ಮ ಕಂದು ಮೈಬಣ್ಣ ಈ ವಿಷಯದಲ್ಲಿ ನಮಗೆ ದೊರೆತ ವರ. ಚರ್ಮದ ಮೆಲನಿನ್ ವರ್ಣಕ ಕೊಡೆಯಂತೆ ಕೆಲಸಮಾಡುವುದರಿಂದ ಬಿಳಿಯರಿಗಿಂತ ನಮಗೆ ಸುಕ್ಕು ತಡವಾಗಿ ಬರುತ್ತದೆ. ಆದರೆ ಅದೇ ವರ್ಣಕ ನೋವಾದಾಗ ಮುನಿಯುತ್ತದೆ. ಬಂಗು, ಕಪ್ಪು ಕಲೆ, ಅಸಮ ಬಣ್ಣ ನಮ್ಮ ಮುಖಗಳ ಮುಖ್ಯ ದೂರು. ತೀಕ್ಷ್ಣವಾದ ಲೇಸರ್, ರಾಸಾಯನಿಕ ಲೇಪ, ಅತಿಯಾದ ಚುಚ್ಚುವಿಕೆಗಳು ನಮ್ಮಂಥ ಚರ್ಮದ ಮೇಲೆ ಹೊಸ ಕಲೆಗಳನ್ನೇ ಮೂಡಿಸಬಲ್ಲವು. ಮೇಲೆ ಹೇಳಿದ ಮಹಿಳೆಗೆ ಆದದ್ದೂ ಅದೇ. ಹೊರದೇಶದ ಮುಖಗಳ ಮೇಲೆ ನಡೆದ ಪ್ರಯೋಗದ ಫಲವನ್ನು ನಮ್ಮ ಮುಖಕ್ಕೆ ಹಾಗೆಯೇ ಅನ್ವಯಿಸಲಾಗದು.

ಸುಟ್ಟಗಾಯದ ವಾರ್ಡಿನಲ್ಲಿ ಹುಟ್ಟಿದ ವಿಜ್ಞಾನ

ಮುಖದ ಚರ್ಮವನ್ನು ಮತ್ತೆ ಕಟ್ಟುವ ಕಲೆ ನಮ್ಮ ನೆಲಕ್ಕೆ ಹೊಸದಲ್ಲ. ಸುಶ್ರುತನ ಹೆಸರನ್ನು ಎಲ್ಲರೂ ಕೇಳಿದ್ದೇವೆ. ಇತ್ತೀಚಿನ ಇತಿಹಾಸದಲ್ಲಿ ಪುಣೆಗೂ ಮೈಸೂರಿಗೂ ಸಂಬಂಧಿಸಿದ ಒಂದು ಪ್ರಸಂಗವಿದೆ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಬಂಡಿ ಹೊಡೆಯುತ್ತಿದ್ದ ಕೋವಾಸ್ಜಿ ಎಂಬಾತ ಟಿಪ್ಪು ಸುಲ್ತಾನನ ಸೈನಿಕರ ಕೈಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಬಳಿಕ ಪುಣೆಯಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನ ಹಣೆಯ ಚರ್ಮವನ್ನು ಬಿಡಿಸಿ ಕೆಳಗೆ ಮಡಿಸಿ ಹೊಸ ಮೂಗನ್ನು ನಿರ್ಮಿಸಿದ. ಇದರ ವರದಿ 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ನಲ್ಲಿ ಪ್ರಕಟವಾಗಿ ಯುರೋಪಿನ ಶಸ್ತ್ರವೈದ್ಯರ ಕಣ್ಣು ತೆರೆಸಿತು.

ಆಧುನಿಕ ಪುನರುತ್ಪಾದಕ ವೈದ್ಯವೂ ಹೀಗೆಯೇ ಗಾಯದಿಂದಲೇ ಆರಂಭವಾಯಿತು. 1975ರಲ್ಲಿ ಅಮೆರಿಕದ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್ ಎಂಬ ವಿಜ್ಞಾನಿಗಳು ಮಾನವ ಚರ್ಮದ ಜೀವಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. 1983ರಲ್ಲಿ ಮೈಯ ಶೇಕಡಾ 95ಕ್ಕಿಂತ ಹೆಚ್ಚು ಭಾಗ ಸುಟ್ಟುಹೋಗಿದ್ದ ಇಬ್ಬರು ಪುಟ್ಟ ಸಹೋದರರಿಗೆ ಅವರದೇ ಚರ್ಮದ ಚೂರಿನಿಂದ ಬೆಳೆಸಿದ ಹಾಳೆಗಳನ್ನು ಹೊದಿಸಿ ಬದುಕಿಸಲಾಯಿತು. 2017ರಲ್ಲಿ ಇಟಲಿಯ ಮಿಕೇಲೆ ಡಿ ಲೂಕಾ ಅವರ ತಂಡ ಜರ್ಮನಿಯ ವೈದ್ಯರೊಡಗೂಡಿ, ವಂಶವಾಹಿ ದೋಷದಿಂದ ಚರ್ಮ ಕಳಚಿಹೋಗುತ್ತಿದ್ದ ಏಳು ವರ್ಷದ ಬಾಲಕನಿಗೆ ದೋಷ ತಿದ್ದಿದ ಹೊಸ ಚರ್ಮವನ್ನು ದೇಹದ ಸುಮಾರು ಶೇಕಡಾ 80ರಷ್ಟು ಭಾಗಕ್ಕೆ ಹೊದಿಸಿದುದನ್ನು ವರದಿ ಮಾಡಿತು. ‘ಪುನರುತ್ಪಾದನೆ’ ಎಂಬ ಪದ ತನ್ನ ಗೌರವವನ್ನು ಗಳಿಸಿದ್ದು ಇಂತಹ ಹಾಸಿಗೆಗಳ ಪಕ್ಕದಲ್ಲಿ.

ಅದೇ ಪದ ಮೆಲ್ಲಗೆ ಸೌಂದರ್ಯ ಕೋಣೆಗೂ ನಡೆದು ಬಂತು. ಎಲ್ಲ ಸಂದರ್ಭಗಳಲ್ಲಿಯೂ ಅದು ಅಡ್ಡದಾರಿಯಿಂದ ಬಂತೆನ್ನುವುದು ಸರಿಯಲ್ಲ. ಕೊಲಾಜೆನ್ ಉತ್ಪತ್ತಿಯನ್ನು ಪ್ರಚೋದಿಸುವ ಪಾಲಿ ಲ್ಯಾಕ್ಟಿಕ್ ಆಮ್ಲದ ಚುಚ್ಚುಮದ್ದಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2004ರಲ್ಲಿ ಒಪ್ಪಿಗೆ ನೀಡಿದ್ದು ಎಚ್‌ಐವಿ ಪೀಡಿತರ ಬತ್ತಿಹೋದ ಕೆನ್ನೆಗಳನ್ನು ತುಂಬಲಿಕ್ಕಾಗಿ. ಸೌಂದರ್ಯ ಬಳಕೆಗೆ ಅನುಮತಿ ದೊರೆತದ್ದು 2009ರಲ್ಲಿ. 2011ರಲ್ಲಿ ಅದೇ ಸಂಸ್ಥೆ ‘ಲಾವಿವ್’ ಎಂಬ ಜೀವಕೋಶ ಚಿಕಿತ್ಸೆಗೂ ಒಪ್ಪಿಗೆ ಕೊಟ್ಟಿತು. ಕಿವಿಯ ಹಿಂದಿನಿಂದ ಚರ್ಮದ ಚೂರು ತೆಗೆದು, ಅದರಲ್ಲಿನ ಫೈಬ್ರೊಬ್ಲಾಸ್ಟ್‌ಗಳನ್ನು ತಿಂಗಳುಗಟ್ಟಲೆ ಬೆಳೆಸಿ, ಮೂಗಿನಿಂದ ತುಟಿಯ ಅಂಚಿಗಿಳಿಯುವ ಗೆರೆಗಳಿಗೆ ಮೂರು ಬಾರಿ ಚುಚ್ಚುವ ವಿಧಾನವದು. ನಿಯಮಬದ್ಧವಾಗಿ ಪರೀಕ್ಷೆಗೊಳಗಾದ ಈ ಚಿಕಿತ್ಸೆ ಮಾರುಕಟ್ಟೆಯಲ್ಲಿ ಯಶಸ್ಸು ಕಾಣಲಿಲ್ಲ. ಅದರ ಫಲ ಸಾಧಾರಣ, ವೆಚ್ಚ ಅಪಾರ. ಹಾಗಿದ್ದರೆ ಬೀದಿ ಬೀದಿಯ ‘ಸ್ಟೆಮ್ ಸೆಲ್ ಫೇಶಿಯಲ್’ ಅರ್ಧ ಗಂಟೆಯಲ್ಲಿ, ಅಲ್ಪ ವೆಚ್ಚದಲ್ಲಿ ಅದಕ್ಕಿಂತ ದೊಡ್ಡ ಪವಾಡವನ್ನು ಸಾಧಿಸುವುದಾದರೂ ಹೇಗೆ? ಈ ಪ್ರಶ್ನೆಯನ್ನು ಓದುಗರು ತಾವೇ ಕೇಳಿಕೊಳ್ಳಬೇಕು.

ನಮ್ಮ ರಕ್ತವೇ ನಮಗೆ ಮದ್ದು?

ಈ ಗುಂಪಿನಲ್ಲಿ ಅತ್ಯಂತ ಜನಪ್ರಿಯವಾದುದು ಪಿಆರ್‌ಪಿ. ಹೆಸರಿನ ಅರ್ಥ ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವ ರಕ್ತರಸ ಎಂದಷ್ಟೇ. ರೋಗಿಯ ತೋಳಿನಿಂದ ಹತ್ತಿಪ್ಪತ್ತು ಮಿಲಿಲೀಟರ್ ರಕ್ತ ತೆಗೆದು, ಮೊಸರು ಕಡೆದು ಬೆಣ್ಣೆ ಬೇರ್ಪಡಿಸುವಂತೆ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೆಂಪು ಕಣಗಳು ತಳಕ್ಕೆ ಇಳಿಯುತ್ತವೆ, ಹೊಂಬಣ್ಣದ ರಸ ಮೇಲೆ ನಿಲ್ಲುತ್ತದೆ. ಗಾಯ ಮಾಯಿಸುವಾಗ ಪ್ಲೇಟ್‌ಲೆಟ್‌ಗಳು ಬಿಡುಗಡೆ ಮಾಡುವ ಬೆಳವಣಿಗೆಯ ಅಂಶಗಳು ಇದರಲ್ಲಿರುತ್ತವೆ. ಇದನ್ನು ಮುಖಕ್ಕೆ ಚುಚ್ಚಿದರೆ ಅಥವಾ ಸೂಕ್ಷ್ಮ ಸೂಜಿಗಳಿಂದ ಚುಚ್ಚಿ ಮೇಲೆ ಸವರಿದರೆ ಫೈಬ್ರೊಬ್ಲಾಸ್ಟ್‌ಗಳು ಎಚ್ಚೆತ್ತು ಕೊಲಾಜೆನ್ ನೇಯುತ್ತವೆ ಎಂಬುದು ತರ್ಕ. ತರ್ಕ ಅಸಂಗತವೇನಲ್ಲ. ದವಡೆಯ ಶಸ್ತ್ರಚಿಕಿತ್ಸೆಯಲ್ಲಿ 1990ರ ದಶಕದಿಂದಲೇ ಇದರ ಬಳಕೆಯಿದೆ.

ಆದರೆ ಫಲಿತಾಂಶ? 2018ರಲ್ಲಿ ‘ಜಾಮಾ ಡರ್ಮಟಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 27 ಮಂದಿ ಭಾಗವಹಿಸಿದರು. ಮುಖದ ಒಂದು ಕೆನ್ನೆಗೆ ಪಿಆರ್‌ಪಿಯನ್ನೂ ಇನ್ನೊಂದಕ್ಕೆ ಬರಿಯ ಉಪ್ಪುನೀರನ್ನೂ ಚುಚ್ಚಲಾಯಿತು. ಯಾವ ಕಡೆ ಯಾವುದೆಂದು ಅವರಿಗೆ ತಿಳಿಸಿರಲಿಲ್ಲ. ಆರು ತಿಂಗಳ ಬಳಿಕ ಪಿಆರ್‌ಪಿ ಚುಚ್ಚಿದ ಕಡೆಯ ಚರ್ಮ ಹೆಚ್ಚು ನಯವಾಗಿದೆಯೆಂದು ಭಾಗವಹಿಸಿದವರು ಹೇಳಿದರು. ಆದರೆ ಛಾಯಾಚಿತ್ರಗಳನ್ನು ನೋಡಿದ ಚರ್ಮತಜ್ಞರಿಗೆ ಎರಡೂ ಕೆನ್ನೆಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸದ್ಯದ ವಿಜ್ಞಾನ ನಿಂತಿರುವುದು ಇಲ್ಲಿಯೇ: ಸ್ವಲ್ಪ ಪ್ರಯೋಜನವಿರಬಹುದು, ಪವಾಡವಂತೂ ಇಲ್ಲ. ರಕ್ತ ತಿರುಗಿಸುವ ವೇಗ, ಪ್ಲೇಟ್‌ಲೆಟ್‌ಗಳ ಸಾಂದ್ರತೆ ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಒಂದು ಕಡೆಯ ಪಿಆರ್‌ಪಿ ಇನ್ನೊಂದು ಕಡೆಯದಕ್ಕೆ ಸಮವೂ ಅಲ್ಲ.

‘ನಮ್ಮದೇ ರಕ್ತವಾದ್ದರಿಂದ ಅಪಾಯವೇ ಇಲ್ಲ’ ಎಂಬ ಮಾತು ಮಾತ್ರ ಅರ್ಧಸತ್ಯ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದಲ್ಲಿ ಪರವಾನಗಿಯಿಲ್ಲದ ಸೌಂದರ್ಯ ಕೇಂದ್ರವೊಂದರಲ್ಲಿ ‘ವ್ಯಾಂಪೈರ್ ಫೇಶಿಯಲ್’ ಎಂದು ಕರೆಯುವ ಇದೇ ಚಿಕಿತ್ಸೆ ಪಡೆದ ಮಹಿಳೆಯೊಬ್ಬರಲ್ಲಿ 2018ರಲ್ಲಿ ಎಚ್‌ಐವಿ ಸೋಂಕು ಪತ್ತೆಯಾಯಿತು. ತನಿಖೆ ನಡೆಸಿದವರಿಗೆ ಅಡುಗೆಮನೆಯ ತಂಗಳುಪೆಟ್ಟಿಗೆಯಲ್ಲಿ ಆಹಾರದ ಜತೆಯಲ್ಲಿಯೇ ಇಟ್ಟಿದ್ದ ಹೆಸರಿಲ್ಲದ ರಕ್ತದ ನಳಿಕೆಗಳೂ ಹೊದಿಕೆ ಬಿಚ್ಚಿದ ಸಿರಿಂಜುಗಳೂ ಕಂಡವು. ಒಮ್ಮೆ ಬಳಸಿ ಎಸೆಯಬೇಕಾದ ಸಲಕರಣೆಗಳನ್ನು ಮತ್ತೆ ಬಳಸಲಾಗಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರ ಏಪ್ರಿಲ್‌ನಲ್ಲಿ ಈ ಪ್ರಕರಣದ ವರದಿಯನ್ನು ಪ್ರಕಟಿಸಿತು. ಸೌಂದರ್ಯಕ್ಕಾಗಿ ಚುಚ್ಚಿಸಿಕೊಂಡ ಸೂಜಿಯಿಂದ ಎಚ್‌ಐವಿ ಹರಡಿದ್ದು ದಾಖಲಾದದ್ದು ಅದೇ ಮೊದಲು. ರಕ್ತ ನಮ್ಮದೇ ಆಗಿರಬಹುದು, ಸೂಜಿ ಯಾರದು ಎಂಬುದೇ ಪ್ರಶ್ನೆ.

ಎಕ್ಸೋಸೋಮ್, ಮೀನು ಮತ್ತು ಆಕರಕೋಶ

ಪಿಆರ್‌ಪಿಗಿಂತ ಹೊಸದು ಎಕ್ಸೋಸೋಮ್. ಜೀವಕೋಶಗಳು ಒಂದಕ್ಕೊಂದು ಕಳುಹಿಸುವ ಅಂಚೆ ಲಕೋಟೆಗಳೆಂದು ಇವನ್ನು ತಿಳಿಯಬಹುದು. ಇವು ಕೂದಲೆಳೆಯ ಸಾವಿರದ ಒಂದು ಭಾಗದಷ್ಟು ಸಣ್ಣ ಕೋಶಿಕೆಗಳು. ಇವುಗಳ ಮೇಲಿನ ಸಂಶೋಧನೆ ನಿಜಕ್ಕೂ ಕುತೂಹಲಕಾರಿ. ಆದರೆ ಚಿಕಿತ್ಸೆಗಾಗಿ ಚುಚ್ಚಬಹುದಾದ ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ಅಮೆರಿಕದ ಔಷಧ ಆಡಳಿತ ಒಪ್ಪಿಗೆ ಕೊಟ್ಟಿಲ್ಲ. ನೆಬ್ರಾಸ್ಕ ರಾಜ್ಯದಲ್ಲಿ ಇಂತಹ ಉತ್ಪನ್ನ ಪಡೆದವರಿಗೆ ಗಂಭೀರ ತೊಂದರೆಗಳುಂಟಾದಾಗ 2019ರ ಡಿಸೆಂಬರ್‌ನಲ್ಲಿ ಅದು ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿತು. ಚರ್ಮದ ಮೇಲೆ ಸವರಲೆಂದು ತಯಾರಾದ ಸೀಸೆಯನ್ನು ಸೂಜಿಯ ಮೂಲಕ ಒಳಗಿಳಿಸುವುದು ಇಲ್ಲಿನ ದೊಡ್ಡ ಅಪಾಯ. ಮೇಲೆ ಹಚ್ಚುವ ಲೇಪ ಶುದ್ಧವಾಗಿದ್ದರೆ ಸಾಕು. ಚುಚ್ಚುವ ಮದ್ದು ಕ್ರಿಮಿರಹಿತವೇ ಆಗಿರಬೇಕು. ಇವೆರಡೂ ಬೇರೆ ಬೇರೆ ಮಾನದಂಡಗಳು.

ದಕ್ಷಿಣ ಕೊರಿಯಾದಿಂದ ಜಗತ್ತಿಗೆ ಹಬ್ಬಿದ ಪಾಲಿನ್ಯೂಕ್ಲಿಯೊಟೈಡ್ ಚುಚ್ಚುಮದ್ದು ಸಾಲ್ಮನ್ ಜಾತಿಯ ಮೀನಿನ ವೀರ್ಯದಿಂದ ಶುದ್ಧೀಕರಿಸಿದ ಡಿಎನ್‌ಎ ತುಣುಕುಗಳಿಂದಾದುದು. ಗಾಯ ಮಾಯುವಿಕೆಗೆ ಇದು ಸಹಾಯಕವೆಂಬುದಕ್ಕೆ ಕೆಲವು ಪುರಾವೆಗಳಿವೆ. ಶುದ್ಧ ಶಾಕಾಹಾರಿಗಳಾದ ನಮ್ಮ ಅನೇಕ ಕುಟುಂಬಗಳವರಿಗೆ, ಅದರಲ್ಲೂ ಮೀನಿನ ಒಗ್ಗದಿಕೆ ಇರುವವರಿಗೆ, ಚುಚ್ಚುವ ಮುನ್ನ ಇದರ ಮೂಲವನ್ನು ತಿಳಿಸಬೇಕಾದುದು ವೈದ್ಯರ ಕರ್ತವ್ಯ.

ಇನ್ನು ಸ್ಟೆಮ್ ಸೆಲ್ ಎಂದು ಕರೆಯಲ್ಪಡುವ ಆಕರಕೋಶಗಳ ವಿಚಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ರಕ್ತಸಂಬಂಧಿ ಕಾಯಿಲೆಗಳ ಅಂಗೀಕೃತ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟರೆ ಆಕರಕೋಶಗಳ ಬಳಕೆ ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ ನಡೆಯಬೇಕು. ಅಂತಹ ಪ್ರಯೋಗದಲ್ಲಿ ಭಾಗವಹಿಸುವವರಿಂದ ಹಣ ಪಡೆಯುವಂತಿಲ್ಲ. ಹಾಗಾದರೆ ದರಪಟ್ಟಿ ಹಾಕಿ ಮಾರುವ ಆಕರಕೋಶದ ಯೌವನ ಏನು? ಒಂದೋ ಅದರಲ್ಲಿ ಆಕರಕೋಶವೇ ಇಲ್ಲ, ಸೇಬು ಅಥವಾ ಇನ್ನಾವುದೋ ಸಸ್ಯದ ಸಾರವಿದೆ. ಇಲ್ಲವಾದರೆ ಅದು ಮಾರ್ಗಸೂಚಿಯ ಉಲ್ಲಂಘನೆ. ಮೂರನೆಯ ಸಾಧ್ಯತೆ ನಮಗೆ ತೋರುವುದಿಲ್ಲ.

ಕಾನೂನು ಏನನ್ನುತ್ತದೆ?

1945ರ ಔಷಧ ನಿಯಮಾವಳಿಯ 106ನೆಯ ನಿಯಮ ಮತ್ತು ಅದರ ‘ಜೆ’ ಅನುಸೂಚಿ ಒಂದು ಪಟ್ಟಿಯನ್ನು ಕೊಡುತ್ತದೆ. ಅದರಲ್ಲಿರುವ ಸ್ಥಿತಿಗಳನ್ನು ತಡೆಗಟ್ಟುತ್ತೇನೆ, ಗುಣಪಡಿಸುತ್ತೇನೆ ಎಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಆ ಪಟ್ಟಿಯಲ್ಲಿ ಅಕಾಲ ವೃದ್ಧಾಪ್ಯವಿದೆ, ಅಕಾಲ ನರೆಯಿದೆ, ಚರ್ಮದ ಬೆಳ್ಪು ಇದೆ, ‘ಯೌವನವನ್ನು ಮರಳಿಸುವ ಶಕ್ತಿ’ಯೂ ಇದೆ. ದಶಕಗಳ ಹಿಂದೆಯೇ ನಮ್ಮ ಕಾನೂನು ಗುರುತಿಸಿದ್ದ ಆಮಿಷ ಇಂದು ಹೊಸ ಉಡುಪು ತೊಟ್ಟು ಬಂದಿದೆ ಎಂದಷ್ಟೇ ಹೇಳಬೇಕು.

ಅಷ್ಟೇ ಅಲ್ಲ, ಸರಕು ಮತ್ತು ಸೇವಾ ತೆರಿಗೆಯ ವ್ಯವಸ್ಥೆಯೂ ಒಂದು ಗೆರೆಯನ್ನು ಎಳೆದಿದೆ. ಆರೋಗ್ಯ ಸೇವೆಗೆ ತೆರಿಗೆ ವಿನಾಯಿತಿಯಿದೆ, ಸೌಂದರ್ಯ ಶಸ್ತ್ರಚಿಕಿತ್ಸೆಗೆ ಇಲ್ಲ. ಆದರೆ ಜನ್ಮಜಾತ ನ್ಯೂನತೆ ಅಥವಾ ಗಾಯದಿಂದ ಕೆಟ್ಟ ಅಂಗವನ್ನು ಮತ್ತೆ ಕಟ್ಟುವುದಾದರೆ ವಿನಾಯಿತಿ ದೊರೆಯುತ್ತದೆ. ಆರೋಗ್ಯ ವಿಮೆಯೂ ಇದೇ ಗೆರೆಯನ್ನು ಪಾಲಿಸುತ್ತದೆ. ಅಂದರೆ ಸೌಂದರ್ಯ ಚಿಕಿತ್ಸೆಯ ಖರ್ಚನ್ನು ವಿಮೆ ಭರಿಸದು. ಸಂಸಾರದ ಉಳಿತಾಯದಿಂದಲೇ ಅದು ಹೋಗಬೇಕು.

ಸೌಂದರ್ಯದ ಹೆಸರಿನಲ್ಲಿ ನಡೆಯುವುದೆಲ್ಲ ಲಘುವಾದುದೆಂಬ ಭಾವನೆ ತಪ್ಪು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಮೃತಪಟ್ಟ ಸುದ್ದಿ ಕನ್ನಡಿಗರೆಲ್ಲರನ್ನೂ ದುಃಖಕ್ಕೀಡುಮಾಡಿತ್ತು. ಮುಖಕ್ಕೆ ತುಂಬುವ ಫಿಲ್ಲರ್ ತಪ್ಪಿ ರಕ್ತನಾಳದೊಳಗೆ ಸೇರಿದರೆ ಚರ್ಮ ಕೊಳೆಯಬಹುದು, ಅಪರೂಪವಾಗಿ ಕಣ್ಣಿನ ದೃಷ್ಟಿಯೇ ಹೋಗಬಹುದು. ಇದನ್ನು ತಕ್ಷಣ ಗುರುತಿಸಿ ಚಿಕಿತ್ಸೆ ಕೊಡಬಲ್ಲವನು ತರಬೇತಾದ ವೈದ್ಯನೇ ಹೊರತು ಸೌಂದರ್ಯ ಕೇಂದ್ರದ ಸಹಾಯಕನಲ್ಲ.

ಆದ್ದರಿಂದ ಚಿಕಿತ್ಸೆಗೆ ಹೋಗಲೇಬೇಕೆಂದು ನಿರ್ಧರಿಸಿದವರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಚುಚ್ಚುವವರು ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಸ್ನಾತಕೋತ್ತರ ಪದವಿ ಪಡೆದವರೇ? ಅವರ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಎಷ್ಟು? ಸೀಸೆಯ ಮೇಲಿನ ಹೆಸರು, ತಯಾರಕರು, ಅವಧಿ ಮುಗಿಯುವ ದಿನಾಂಕ ಏನು? ಅದು ಚುಚ್ಚುವುದಕ್ಕೆಂದೇ ನಮ್ಮ ದೇಶದಲ್ಲಿ ಅನುಮತಿ ಪಡೆದುದೇ? ಸೂಜಿ, ನಳಿಕೆಗಳ ಮೊಹರನ್ನು ನಮ್ಮೆದುರೇ ಒಡೆಯುತ್ತಾರೆಯೇ? ತೊಂದರೆಯಾದರೆ ರಾತ್ರಿ ಯಾರನ್ನು ಸಂಪರ್ಕಿಸಬೇಕು? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಕಡೆ ನಮ್ಮ ಮುಖವನ್ನು ಒಪ್ಪಿಸಬೇಕಾಗಿಲ್ಲ.

ಸಾಬೀತಾಗಿರುವುದು ಯಾವುದು?

ವಿಪರ್ಯಾಸವೆಂದರೆ ಮುಖದ ಮುಪ್ಪಿನ ವಿಷಯದಲ್ಲಿ ಅತ್ಯಂತ ಗಟ್ಟಿ ಪುರಾವೆಯಿರುವುದು ಅತ್ಯಂತ ಅಗ್ಗದ ಉಪಾಯಗಳಿಗೆ. ಆಸ್ಟ್ರೇಲಿಯದ ನಂಬೂರ್ ಪಟ್ಟಣದಲ್ಲಿ 55 ವರ್ಷದೊಳಗಿನ 903 ಮಂದಿಯ ಮೇಲೆ ನಡೆದ ಪ್ರಯೋಗದ ಫಲ 2013ರಲ್ಲಿ ಪ್ರಕಟವಾಯಿತು. ನಿತ್ಯ ಸನ್‌ಸ್ಕ್ರೀನ್ ಲೇಪ ಹಚ್ಚಿಕೊಂಡವರ ಚರ್ಮದಲ್ಲಿ ನಾಲ್ಕೂವರೆ ವರ್ಷಗಳ ಬಳಿಕವೂ ಮುಪ್ಪಿನ ಹೆಚ್ಚಳ ಗುರುತಿಸುವಷ್ಟು ಕಾಣಲಿಲ್ಲ. ಮನಬಂದಾಗ ಹಚ್ಚಿಕೊಂಡವರಿಗಿಂತ ಅವರ ಚರ್ಮದ ಮುಪ್ಪು ಶೇಕಡಾ 24ರಷ್ಟು ಕಡಮೆಯಿತ್ತು. ವಿಟಮಿನ್ ‘ಎ’ಯ ಸಂಬಂಧಿಯಾದ ಟ್ರೆಟಿನೊಯಿನ್ ಲೇಪ ಸೂಕ್ಷ್ಮ ಸುಕ್ಕುಗಳನ್ನು ತಗ್ಗಿಸುತ್ತದೆ ಎಂಬುದನ್ನು ಆಲ್ಬರ್ಟ್ ಕ್ಲಿಗ್‌ಮನ್ 1986ರಲ್ಲಿ ತೋರಿಸಿದರು. 1995ರಲ್ಲಿ ಅದಕ್ಕೆ ಅಮೆರಿಕದಲ್ಲಿ ಆ ಉದ್ದೇಶಕ್ಕೇ ಒಪ್ಪಿಗೆ ದೊರೆಯಿತು. ವೈದ್ಯರ ಸಲಹೆಯ ಮೇರೆಗೆ, ಗರ್ಭಿಣಿಯರು ವರ್ಜಿಸಿ, ರಾತ್ರಿ ಮಾತ್ರ ಅಲ್ಪ ಪ್ರಮಾಣದಲ್ಲಿ ಬಳಸಬೇಕಾದ ಮದ್ದು ಅದು. ಇವುಗಳೊಂದಿಗೆ ಹೊಗೆಸೊಪ್ಪಿನ ತ್ಯಾಗ, ಕೊಡೆ, ಸೆರಗಿನ ನೆರಳು ಸೇರಿದರೆ ಅರ್ಧ ಯುದ್ಧ ಗೆದ್ದಂತೆ. ಇದನ್ನು ಯಾರೂ ದೊಡ್ಡ ಫಲಕದಲ್ಲಿ ಬರೆಯುವುದಿಲ್ಲ, ಏಕೆಂದರೆ ಇದರಿಂದ ದೊಡ್ಡ ಲಾಭವಿಲ್ಲ.

ವಿಜ್ಞಾನದ ಭವಿಷ್ಯದ ಬಗೆಗೆ ನಾವು ನಿರಾಶರಲ್ಲ. ಪ್ರೌಢ ಜೀವಕೋಶವನ್ನು ಮತ್ತೆ ಆಕರಕೋಶವಾಗಿಸುವ ಮಾರ್ಗವನ್ನು 2006ರಲ್ಲಿ ತೋರಿಸಿದ ಜಪಾನಿನ ಶಿನ್ಯಾ ಯಾಮಾನಾಕಾ ಅವರಿಗೆ 2012ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅದೇ ಮಾರ್ಗದಲ್ಲಿ 2022ರಲ್ಲಿ ಕೇಂಬ್ರಿಜ್ ಬಳಿಯ ಬಬ್ರಹಾಂ ಸಂಸ್ಥೆಯವರು 53 ವರ್ಷದ ವ್ಯಕ್ತಿಯ ಚರ್ಮಕೋಶಗಳನ್ನು ಸುಮಾರು 30 ವರ್ಷ ಹಿಂದಕ್ಕೆ ಒಯ್ದುದಾಗಿ ವರದಿ ಮಾಡಿದರು. ಆದರೆ ಅದು ಪ್ರಯೋಗಾಲಯದ ತಟ್ಟೆಯಲ್ಲಿನ ಮಾತು. ಇಂತಹ ವಿಧಾನದಿಂದ ಕ್ಯಾನ್ಸರ್ ಹುಟ್ಟಬಹುದೆಂಬ ಭಯ ಇನ್ನೂ ಬಗೆಹರಿದಿಲ್ಲ. ತಟ್ಟೆಯಿಂದ ಮುಖಕ್ಕೆ ಬರುವ ದಾರಿ ದೀರ್ಘ. ಆ ದಾರಿಯನ್ನು ಒಂದೇ ನೆಗೆತದಲ್ಲಿ ದಾಟಿಸುತ್ತೇವೆನ್ನುವವರ ಬಗೆಗೇ ನಮ್ಮ ಎಚ್ಚರಿಕೆ.

ಯಯಾತಿಯ ಮೊಮ್ಮಕ್ಕಳು

ಮಗನ ಯೌವನವನ್ನು ಬೇಡಿ ಪಡೆದ ಯಯಾತಿಯ ಕಥೆ ನಮಗೆಲ್ಲ ತಿಳಿದಿದೆ. ಸಾವಿರ ವರ್ಷ ಭೋಗಿಸಿದ ಮೇಲೆ ಆಸೆ ಭೋಗದಿಂದ ತೀರದೆಂಬ ಅರಿವು ಅವನಿಗಾಯಿತು. ಆದರೆ ಇಂದಿನ ಮುಖದ ಚಿಂತೆಯನ್ನೆಲ್ಲ ಭೋಗಲಾಲಸೆಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಐವತ್ತು ದಾಟಿದ ಉದ್ಯೋಗಿ ತನ್ನ ನರೆಗೂದಲಿಗೆ ಹೆದರುವುದು ಕಚೇರಿಯಲ್ಲಿ ಹಳಬರನ್ನು ಮೊದಲು ಹೊರಗೆ ಕಳಿಸುತ್ತಾರೆಂಬ ಕಾರಣಕ್ಕೆ. ಗೃಹಿಣಿ ಹೆದರುವುದು ‘ಏನು ಇಷ್ಟು ಬೇಗ ಮುದುಕಿಯಾದೆ’ ಎಂದು ಸಭಾಭವನದ ಮೆಟ್ಟಿಲಲ್ಲಿಯೇ ಕೇಳಿಬಿಡುವ ನಮ್ಮಂಥವರ ನಾಲಿಗೆಗೆ. ಗಂಡಸಿನ ಸುಕ್ಕು ಅನುಭವದ ಗುರುತಾಗಿ, ಹೆಂಗಸಿನ ಸುಕ್ಕು ಕೊರತೆಯಾಗಿ ಕಾಣುವ ಕಣ್ಣು ನಮ್ಮದೇ. ಚಿಕಿತ್ಸೆ ಮೊದಲು ಆಗಬೇಕಾದುದು ಆ ಕಣ್ಣಿಗೆ.

ಊರು ಬಿಟ್ಟು ಹೊರನಾಡಿನಲ್ಲಿ ನೆಲೆಸಿದ ನಮ್ಮ ಹಿರಿಯರ ಮುಖಗಳನ್ನು ಒಮ್ಮೆ ನೆನೆಯೋಣ. ಹೋಟೇಲಿನ ಒಲೆಯ ಮುಂದೆ, ಗಿರಣಿಯ ಸದ್ದಿನಲ್ಲಿ, ರಾತ್ರಿಶಾಲೆಯ ಬೆಂಚಿನಲ್ಲಿ ಗಳಿಸಿದ ಗೆರೆಗಳು ಅವು. ನಮ್ಮ ಸಂಘದ ಗೋಡೆಯ ಮೇಲೆ ತೂಗುಹಾಕಿರುವ ಸ್ಥಾಪಕರ ಭಾವಚಿತ್ರಗಳಿಂದ ಆ ಗೆರೆಗಳನ್ನು ಅಳಿಸಿ ನೋಡಲು ನಮ್ಮಲ್ಲಿ ಯಾರಿಗೂ ಮನಸ್ಸಾಗಲಾರದು.

ಕೊನೆಗೊಂದು ವಿಷಯ. ಭಾರತದಲ್ಲಿ ಪ್ರತಿವರ್ಷ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಸುಟ್ಟಗಾಯಗಳಿಗೆ ಗುರಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈಯೆಲ್ಲ ಸುಟ್ಟವರಿಗೆ ಹೊದಿಸಲು ಅವರದೇ ಚರ್ಮ ಉಳಿದಿರುವುದಿಲ್ಲ. ಅಂಥವರಿಗೆ ತಮ್ಮ ಚರ್ಮ ಬೆಳೆಯುವವರೆಗೆ ಸೋಂಕಿನಿಂದ ಕಾಪಾಡುವುದು ದಾನಿಯ ಚರ್ಮ. ಮುಂಬಯಿಯ ಸಯನ್ ಆಸ್ಪತ್ರೆ, ಐರೋಳಿಯ ರಾಷ್ಟ್ರೀಯ ಸುಟ್ಟಗಾಯ ಕೇಂದ್ರ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ, ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆ, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಗಳಲ್ಲಿ ಚರ್ಮ ಬ್ಯಾಂಕುಗಳು ಸ್ಥಾಪನೆಗೊಂಡಿವೆ. ನಿಧನದ ಆರು ಗಂಟೆಯೊಳಗೆ ಕರೆ ಮಾಡಿದರೆ ತಂಡ ಬಂದು ತೊಡೆ, ಕಾಲು, ಬೆನ್ನುಗಳಿಂದ ಚರ್ಮದ ತೆಳ್ಳನೆಯ ಮೇಲ್ಪದರವನ್ನಷ್ಟೇ ತೆಗೆಯುತ್ತದೆ. ಮುಖವನ್ನು ಮುಟ್ಟುವುದಿಲ್ಲ, ದೇಹ ವಿರೂಪಗೊಳ್ಳುವುದಿಲ್ಲ, ಅಂತ್ಯಕ್ರಿಯೆಗೆ ಅಡ್ಡಿಯಿಲ್ಲ. ರಕ್ತದ ಗುಂಪು ಹೊಂದಬೇಕಾಗಿಲ್ಲ. ಎಚ್‌ಐವಿ, ಕಾಮಾಲೆಯ ಕೆಲವು ವೈರಸ್‌ಗಳು, ಚರ್ಮದ ಕ್ಯಾನ್ಸರ್ ಮೊದಲಾದ ಕಾಯಿಲೆಗಳಿಲ್ಲದ, 18 ವರ್ಷ ಮೀರಿದ ಯಾರೂ ದಾನಿಗಳಾಗಬಹುದು. ವಯಸ್ಸಿಗೆ ಮೇಲ್ಮಿತಿಯಿಲ್ಲ.

ಎಂಬತ್ತರ ಅಜ್ಜಿಯ ಸುಕ್ಕುಗಟ್ಟಿದ ಚರ್ಮವೂ ಸುಟ್ಟುಹೋದ ಮಗುವೊಂದನ್ನು ಬದುಕಿಸಬಲ್ಲದು. ಯೌವನ ಕೊಳ್ಳಲು ಸಾಲುಗಟ್ಟಿ ನಿಲ್ಲುವ ಮುನ್ನ ನಮ್ಮ ಕುಟುಂಬಗಳು ಒಂದು ಸಂಜೆ ಒಟ್ಟಿಗೆ ಕುಳಿತು ಈ ದಾನದ ವಿಚಾರವನ್ನು ಮಾತನಾಡಲಿ, ಸಮೀಪದ ಚರ್ಮ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಲಿ ಎಂದು ನಾವು ವಿನಂತಿಸುತ್ತೇವೆ.